ಗೇನ್ ಮುಟ್ಟುವ ಮೊದಲು ಗಡಿಯಾರ ನೋಡಿ

ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಓಡುವ ಲೀನಿಯರ್ ಮೋಟಾರು (ತಿರುಗದೆ ನೇರ ಸಾಲಿನಲ್ಲಿ ಚಲಿಸುವ ಮೋಟಾರು) ಒಂದು ಮಿಲಿಸೆಕೆಂಡಿನಲ್ಲಿ ಒಂದು ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಒಂದು ಮೈಕ್ರೋಸೆಕೆಂಡಿನಲ್ಲಿ ಒಂದು ಮೈಕ್ರಾನ್. ನೆಟ್‌ವರ್ಕಿನಲ್ಲಿ ಕಟ್ಟಿದ ಎರಡು, ಮೂರು, ನಾಲ್ಕು ಮೋಟಾರುಗಳನ್ನು ಜೊತೆಯಾಗಿ ಓಡಿಸಲು ಹೊರಟವರಿಗೆ ಈ ಲೆಕ್ಕ ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ಎರಡು ಡ್ರೈವ್‌ಗಳ (ಮೋಟಾರಿಗೆ ಕರೆಂಟ್ ಕೊಟ್ಟು ನಡೆಸುವ ಪೆಟ್ಟಿಗೆಗಳ) ಗಡಿಯಾರದ ನಡುವೆ 100 ಮೈಕ್ರೋಸೆಕೆಂಡ್ ವ್ಯತ್ಯಾಸವಿದ್ದರೆ, ಎರಡೂ ತಂತಮ್ಮ ಕೆಲಸವನ್ನು ಎಳ್ಳಷ್ಟೂ ತಪ್ಪದೆ ಮಾಡಿದರೂ, ಓಡುವಾಗ 100 ಮೈಕ್ರಾನ್ ಹಿಂದೆ ಮುಂದೆ ಇದ್ದೇ ಇರುತ್ತವೆ. ಯಾವ ಗೇನ್ (ತಪ್ಪು ಕಂಡಾಗ ಎಷ್ಟು ಜೋರಾಗಿ ತಿದ್ದಬೇಕು ಎಂಬ ಸೆಟ್ಟಿಂಗ್) ಏರಿಸಿದರೂ ಅದು ಹೋಗುವುದಿಲ್ಲ. ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪ್ ಇರಲಿ, ಕಾಲೇಜಿನ ಪ್ರಾಜೆಕ್ಟ್ ಟೇಬಲ್ ಇರಲಿ, ಎರಡು ಆಕ್ಸಿಸ್ (ಒಂದೊಂದು ಮೋಟಾರು ಓಡುವ ಸಾಲು) ಹೊಂದದಿದ್ದರೆ ಕೈ ಮೊದಲು ಹೋಗುವುದು ಗೇನ್ ಕಡೆಗೆ. ಹೋಗಬೇಕಾದದ್ದು ಗಡಿಯಾರದ ಕಡೆಗೆ.

ಮೊದಲು ಮೋಟಾರಿನ ವಿಷಯ, ಚುಟುಕಾಗಿ. ಲೀನಿಯರ್ ಮೋಟಾರಿಗೂ ಹೊರೆಗೂ ನಡುವೆ ಬಾಲ್‌ಸ್ಕ್ರೂ, ಬೆಲ್ಟ್, ಗೇರು ಯಾವುದೂ ಇಲ್ಲ. ಹಿಂಬಡಿತವಿಲ್ಲ (ದಿಕ್ಕು ಬದಲಿಸುವಾಗಿನ ಸಡಿಲವಿಲ್ಲ) ಎನ್ನುವುದು ಲಾಭ. ಹೊರೆಯ ಮೇಲೆ ಬಿದ್ದ ಪ್ರತಿ ತಳ್ಳುವಿಕೆ ನೇರ ಕಾಯಿಲ್‌ಗೇ ಬರುತ್ತದೆ ಎನ್ನುವುದು ಅದಕ್ಕೆ ತೆರುವ ಬೆಲೆ. ಕಬ್ಬಿಣದ ತಿರುಳಿರುವ ಮಾದರಿಗೆ ಬಲ ಹೆಚ್ಚು, ಆದರೆ ಕಾಗಿಂಗ್ (ಅಯಸ್ಕಾಂತಗಳು ತಿರುಳನ್ನು ಎಳೆಯುವುದರಿಂದ ಬರುವ ತಡೆತಡೆದ ಓಟ) ಇದೆ. ಅಯಸ್ಕಾಂತದ ಹಳಿ ಕಾಯಿಲ್ ಅನ್ನು ಎಳೆಯುವ ಬಲ ಮುಂದೂಡುವ ಬಲದ ಕೆಲವು ಪಟ್ಟು ಇರುತ್ತದೆ. ಜೋಡಿಸುವಾಗ ಬೆರಳು ಸಿಕ್ಕಿಕೊಂಡರೆ ಕಥೆ ಮುಗಿಯಿತು, ಆದ್ದರಿಂದ ಮರದ ಅಥವಾ ಅಲ್ಯೂಮಿನಿಯಂ ಪಟ್ಟಿ ಅಡ್ಡ ಇಟ್ಟೇ ಇಳಿಸಬೇಕು. ತಿರುಳಿಲ್ಲದ ಮಾದರಿಗೆ ಕಾಗಿಂಗ್ ಇಲ್ಲ, ಬಲ ಕಡಿಮೆ. ಮೂರನೆಯದು ಸ್ವಿಚ್ಡ್ ರಿಲಕ್ಟೆನ್ಸ್ ಮಾದರಿ. ಇದರಲ್ಲಿ ಅಯಸ್ಕಾಂತವೇ ಇಲ್ಲ, ಹಲ್ಲು ಕೊರೆದ ಉಕ್ಕಿನ ತಗಡುಗಳು ಮತ್ತು ತಾಮ್ರದ ಕಾಯಿಲ್, ಅಷ್ಟೇ. ಬಲ ಕರೆಂಟಿನ ವರ್ಗಕ್ಕೆ ಅನುಗುಣ. ಯಾವ ದಿಕ್ಕಿಗೆ ಎಳೆಯಬೇಕೆಂದು ನಿರ್ಧರಿಸುವುದು ಕರೆಂಟಿನ ದಿಕ್ಕಲ್ಲ, ಹಲ್ಲಿನ ಸ್ಥಾನ. ಬಲದಲ್ಲಿ ಏರಿಳಿತ ಜಾಸ್ತಿ, ನಿಯಂತ್ರಣ ಕಷ್ಟ. ಆದರೂ ಪ್ರಯೋಗಕ್ಕೆ ಮೂರು ನಾಲ್ಕು ಯಂತ್ರ ಬೇಕಾದಾಗ ನನ್ನ ಆಯ್ಕೆ ಇದೇ. ತಗಡು ಲೇಸರ್‌ನಲ್ಲಿ ಕತ್ತರಿಸಿಕೊಂಡರೆ ಕಾಯಿಲ್ ಸುತ್ತಲು ಊರಿನ ರಿವೈಂಡಿಂಗ್ ಅಂಗಡಿ ಸಾಕು, ಉಪ್ಪುಗಾಳಿಗೆ ಅಯಸ್ಕಾಂತದ ಲೇಪ ಸುಲಿಯುವ ಚಿಂತೆಯೂ ಇಲ್ಲ.

ಜೊತೆಯಾಗಿ ಓಡಿಸುವುದರಲ್ಲಿ ಎರಡು ಬಗೆ. ಒಂದು, ಯಂತ್ರಗಳು ಬೇರೆ ಬೇರೆ ನಿಂತಿದ್ದು ಮಾಹಿತಿಯಲ್ಲಿ ಮಾತ್ರ ಸಂಬಂಧ ಇರುವುದು. ಇನ್ನೊಂದು ಗ್ಯಾಂಟ್ರಿ: ಎರಡು ಸಮಾನಾಂತರ ಮೋಟಾರುಗಳ ಮೇಲೆ ಒಂದೇ ತೊಲೆ. ಗ್ಯಾಂಟ್ರಿ ಅರ್ಥವಾಗಬೇಕಾದರೆ ಕಂಬಳದ ಕರೆಗಿಂತ (ಕೋಣಗಳು ಓಡುವ ಕೆಸರಿನ ಸಾಲು) ಒಳ್ಳೆಯ ಪಾಠ ಇಲ್ಲ. ಎರಡು ಕೋಣ, ಒಂದೇ ನೊಗ. ಒಂದು ಕೋಣ ಗೇಣು ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ, ಕಟ್ಟಿದ ಹಗ್ಗದ ಸಡಿಲ ಆ ಓರೆಯನ್ನು ತಾಳಿಕೊಳ್ಳುತ್ತದೆ, ಜೋಡಿ ಓಟದ ಕೊನೆಯ ಮಂಜೊಟ್ಟಿ ತಲುಪುತ್ತದೆ. ಗ್ಯಾಂಟ್ರಿಯ ತೊಲೆಗೆ ಆ ಸಡಿಲ ಇಲ್ಲ. ಒಂದು ಮೀಟರ್ ತೊಲೆಯ ಎರಡು ತುದಿಗಳ ನಡುವೆ 20 ಮೈಕ್ರಾನ್ ವ್ಯತ್ಯಾಸ ಬಂದರೆ ಅದು 20 ಮೈಕ್ರೋರೇಡಿಯನ್ ಓರೆ. ಗೈಡ್ ಬೇರಿಂಗ್ ಬಿಗಿಯಾಗಿದ್ದರೆ ಅಷ್ಟೇ ಸಾಕು ಉಜ್ಜಲು. ತೊಲೆಯ ಒಂದು ತುದಿಗೆ ಬಾಗುವ ತೆಳು ಉಕ್ಕಿನ ಫ್ಲೆಕ್ಸರ್ ಹಾಕುವುದು ಈ ಕಾರಣಕ್ಕೆ. ಅದನ್ನು ಖರ್ಚೆಂದು ಬಿಟ್ಟವರು ಮುಂದೆ ಸಾಫ್ಟ್‌ವೇರಿನಲ್ಲಿ ವಾರಗಟ್ಟಲೆ ಬಡಿದಾಡುತ್ತಾರೆ.

ಕೋಣ ಓಡಿಸುವವನು ಎಡದ್ದಕ್ಕೆ ಒಂದು ಲೆಕ್ಕ, ಬಲದ್ದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಜೋಡಿ ಮುಂದೆ ಹೋಗಬೇಕು, ನೊಗ ನೇರ ಇರಬೇಕು. ಅವನಿಗೆ ಇರುವುದು ಈ ಎರಡೇ ಕೆಲಸ. ಗ್ಯಾಂಟ್ರಿಯಲ್ಲೂ ಹಾಗೆಯೇ ಮಾಡಿ. ಎರಡು ಎನ್‌ಕೋಡರ್ (ಸ್ಥಾನ ಅಳೆಯುವ ಸಾಧನ) ಓದಿಕೆಯ ಸರಾಸರಿಗೆ ಒಂದು ಲೂಪ್ (ಅಳೆದು ತಿದ್ದುವ ಸುತ್ತು), ಅವುಗಳ ವ್ಯತ್ಯಾಸಕ್ಕೆ ಇನ್ನೊಂದು ಲೂಪ್. ಮೊದಲಿನದು ಕೊಟ್ಟ ಬಲವನ್ನು ಎರಡಕ್ಕೂ ಸಮ ಹಂಚಿ, ಎರಡನೆಯದನ್ನು ಒಂದಕ್ಕೆ ಕೂಡಿ ಇನ್ನೊಂದರಲ್ಲಿ ಕಳೆಯಿರಿ. ಹೊರೆ ತೊಲೆಯ ಮೇಲೆ ಒಂದು ಬದಿಗೆ ಸರಿದಾಗ ಹಂಚಿಕೆಯೂ ಆ ಅನುಪಾತಕ್ಕೆ ಸರಿಯಬೇಕು, ಇಲ್ಲವಾದರೆ ಪ್ರತಿ ಸಲ ವೇಗ ಏರುವಾಗ ತೊಲೆ ಓರೆಯಾಗುತ್ತದೆ.

ಹೀಗೆ ಮಾಡದೆ ಎರಡು ಡ್ರೈವ್‌ಗಳಲ್ಲೂ ಪ್ರತ್ಯೇಕ ಪೊಸಿಶನ್ ಲೂಪ್, ಪ್ರತ್ಯೇಕ ಇಂಟಿಗ್ರೇಟರ್ (ಉಳಿದ ತಪ್ಪನ್ನು ಕೂಡಿಸುತ್ತಾ ಬಲ ಏರಿಸುವ ಭಾಗ) ಬಿಟ್ಟರೆ ಏನಾಗುತ್ತದೆ ಎಂಬುದನ್ನು ಯಂತ್ರ ನಿಂತಿರುವಾಗಲೇ ಕಾಣಬಹುದು. ಎರಡು ಡ್ರೈವ್‌ಗಳ ಕರೆಂಟ್ ನೋಡಿ: ಒಂದರಲ್ಲಿ +1.2 ಆಂಪಿಯರ್, ಇನ್ನೊಂದರಲ್ಲಿ −1.2. ಯಂತ್ರ ಅಲ್ಲಾಡುತ್ತಿಲ್ಲ, ಕೂಡಿದರೆ ಸೊನ್ನೆ. ಮೋಟಾರಿನ ಬಲಾಂಕ ಆಂಪಿಯರಿಗೆ 60 ನ್ಯೂಟನ್ ಎಂದಿಟ್ಟುಕೊಳ್ಳಿ: ಎರಡು ಮೋಟಾರುಗಳು ತಲಾ 72 ನ್ಯೂಟನ್ ಬಲದಲ್ಲಿ ತೊಲೆಯನ್ನು ಹಿಂಡುತ್ತಾ ನಿಂತಿವೆ. ಎನ್‌ಕೋಡರ್ ಪಟ್ಟಿಗಳೆರಡರ ಅಳತೆಯಲ್ಲಿ ಕೂದಲೆಳೆಯ ಭಿನ್ನವಿದ್ದರೂ ಇಂಟಿಗ್ರೇಟರ್ ಸೋಲೊಪ್ಪುವುದಿಲ್ಲ, ಕರೆಂಟ್ ಏರಿಸುತ್ತಲೇ ಹೋಗುತ್ತದೆ. ಕೊನೆಗೆ ಮೋಟಾರು ಬಿಸಿಯಾಗಿ ಡ್ರೈವ್ ಟ್ರಿಪ್. ವ್ಯತ್ಯಾಸದ ಲೂಪಿನ ಇಂಟಿಗ್ರೇಟರಿಗೆ ಸಣ್ಣ ಮಿತಿ ಹಾಕಿ, ಅಥವಾ ತೊಲೆ ಗಡುಸಾಗಿದ್ದರೆ ಆ ಇಂಟಿಗ್ರೇಟರನ್ನು ತೆಗೆದೇ ಬಿಡಿ.

ಈಗ ಗಡಿಯಾರ.

ಮಾಸ್ಟರ್ ಕಂಪ್ಯೂಟರು ಪ್ರತಿ ಮಿಲಿಸೆಕೆಂಡಿಗೆ ಒಂದು ಗುರಿ ಕಳಿಸುತ್ತದೆ, ಡ್ರೈವ್ ಪ್ರತಿ ಮಿಲಿಸೆಕೆಂಡಿಗೆ ಒಂದು ಗುರಿ ಎತ್ತಿಕೊಳ್ಳುತ್ತದೆ. ಆದರೆ ಇಬ್ಬರ ಮಿಲಿಸೆಕೆಂಡೂ ಒಂದೇ ಅಲ್ಲ. ಸಾಧಾರಣ ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ ಸೆಕೆಂಡಿಗೆ 50 ಮೈಕ್ರೋಸೆಕೆಂಡ್ ಜಾರುತ್ತದೆ. 20 ಸೆಕೆಂಡಿಗೆ ಒಂದು ಪೂರ್ತಿ ಚಕ್ರ. ಆ ಕ್ಷಣದಲ್ಲಿ ಡ್ರೈವಿಗೆ ಹೊಸ ಗುರಿ ಸಿಗುವುದಿಲ್ಲ, ಹಳೆಯದನ್ನೇ ಮತ್ತೆ ಓದುತ್ತದೆ. ಇಲ್ಲವೇ ಒಂದೇ ಚಕ್ರದಲ್ಲಿ ಎರಡು ಗುರಿ ಬಂದು ಒಂದು ಕಳೆದುಹೋಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಓಡುವಾಗ ಅದು ಅರ್ಧ ಮಿಲಿಮೀಟರಿನ ಜಿಗಿತ. ಕಿವಿಗೆ ಕೇಳುವುದು ‘ಟಕ್’ ಎಂಬ ಒಂದು ಸದ್ದು. ಮತ್ತೆ 20 ಸೆಕೆಂಡ್ ಎಲ್ಲ ಸರಿ, ಮತ್ತೆ ‘ಟಕ್’. ಬೇರಿಂಗ್ ಬಿಚ್ಚುತ್ತಾರೆ, ಗ್ರೀಸ್ ಬದಲಿಸುತ್ತಾರೆ, ಗೇನ್ ಇಳಿಸುತ್ತಾರೆ. ಗೇನ್ ಇಳಿಸಿದರೆ ಸದ್ದು ಮೆತ್ತಗಾಗುತ್ತದೆ, ಅದೇ ಮೋಸ. ಸ್ಟಾಪ್‌ವಾಚ್ ಹಿಡಿದು ಸದ್ದಿನ ನಡುವಿನ ಸಮಯ ಅಳೆಯಿರಿ. ಅದು ಸ್ಥಾನಕ್ಕೂ ವೇಗಕ್ಕೂ ಸಂಬಂಧವಿಲ್ಲದೆ ಗಡಿಯಾರದ ಪ್ರಕಾರ ಬರುತ್ತಿದ್ದರೆ ಯಂತ್ರದ ದೋಷ ಅಲ್ಲ. ಹಳಿಯ ಒಂದೇ ಜಾಗದಲ್ಲಿ ಬಂದರೆ ಆಗ ಬೇರಿಂಗ್ ನೋಡಿ. ಅಯಸ್ಕಾಂತಗಳ ಅಂತರಕ್ಕೆ ಸರಿಯಾಗಿ ಮರಳಿ ಮರಳಿ ಬಂದರೆ ಕಾಗಿಂಗ್.

ಇದಕ್ಕೆ ಮದ್ದು ಈಥರ್‌ಕ್ಯಾಟ್‌ನಂಥ ನೆಟ್‌ವರ್ಕಿನ ಹಂಚಿದ ಗಡಿಯಾರ. 2003ರಲ್ಲಿ ಬಂದ ಈ ಪದ್ಧತಿಯಲ್ಲಿ ಮೊದಲ ಸ್ಲೇವ್‌ನ (ಮಾಸ್ಟರಿನ ಮಾತು ಕೇಳುವ ಡ್ರೈವಿನಂಥ ಸಾಧನದ) ಗಡಿಯಾರವೇ ಸಾಮಾನ್ಯವಾಗಿ ಯಜಮಾನ. ಕೇಬಲಿನ ವಿಳಂಬ ಅಳೆದು ಉಳಿದವು ಅದಕ್ಕೆ ಹೊಂದಿಕೊಳ್ಳುತ್ತವೆ, ವ್ಯತ್ಯಾಸ ಒಂದು ಮೈಕ್ರೋಸೆಕೆಂಡಿಗಿಂತ ಕೆಳಗೆ ನಿಲ್ಲುತ್ತದೆ. ಬಹಳ ಮಂದಿ ತಪ್ಪುವುದು ಒಂದು ಕಡೆ: ಡ್ರೈವ್‌ಗಳು ತಮ್ಮತಮ್ಮೊಳಗೆ ಹೊಂದಿಕೊಂಡ ಮಾತ್ರಕ್ಕೆ ಮಾಸ್ಟರ್ ಹೊಂದಿಕೊಂಡಂತಲ್ಲ. ಮಾಸ್ಟರಿನ ಚಕ್ರವನ್ನೂ ಆ ಮೊದಲ ಗಡಿಯಾರಕ್ಕೆ ಕಟ್ಟಿಹಾಕಬೇಕು, ಇಲ್ಲವಾದರೆ ಮೇಲೆ ಹೇಳಿದ ‘ಟಕ್’ ಹಾಗೆಯೇ ಉಳಿಯುತ್ತದೆ, ಎರಡು ಆಕ್ಸಿಸ್‌ನಲ್ಲೂ ಒಟ್ಟಿಗೆ.

ಪರೀಕ್ಷೆ ಸುಲಭ. ಎರಡು ಡ್ರೈವ್‌ಗಳ ಸಿಂಕ್ ಸಿಗ್ನಲ್ ಹೊರಗೆ ಸಿಗುವುದಾದರೆ ಆಸಿಲೋಸ್ಕೋಪಿನ ಎರಡು ಚಾನೆಲಿಗೆ ಕೊಟ್ಟು ಹತ್ತು ನಿಮಿಷ ಪರ್ಸಿಸ್ಟೆನ್ಸ್ (ಹಳೆಯ ಗೆರೆ ಅಳಿಯದೆ ಉಳಿಯುವ ಸೆಟ್ಟಿಂಗ್) ಹಾಕಿ ಬಿಡಿ. ಗೆರೆ ದಪ್ಪವಾದಷ್ಟು ಜಿಟ್ಟರ್ (ಸಮಯದ ಅಲುಗಾಟ), ಗೆರೆ ಸರಿದಷ್ಟು ಜಾರುವಿಕೆ. ಲಿನಕ್ಸ್ ಮಾಸ್ಟರ್ ಆದರೆ ರಿಯಲ್‌ಟೈಮ್ ಕರ್ನಲ್ ಬೇಕೇ ಬೇಕು, 6.12ನೇ ಆವೃತ್ತಿಯಿಂದ ಅದು ಮುಖ್ಯ ಕರ್ನಲಿನ ಒಳಗೇ ಇದೆ. ಕರ್ನಲ್ ಎಷ್ಟು ತಡಮಾಡುತ್ತದೆಂದು ಅಳೆಯುವ ಸೈಕ್ಲಿಕ್‌ಟೆಸ್ಟ್ ಅನ್ನು ಒಂದು ನಿಮಿಷ ಓಡಿಸಿ ಸಮಾಧಾನಪಡಬೇಡಿ. ಡಿಸ್ಕ್, ಗ್ರಾಫಿಕ್ಸ್, ನೆಟ್‌ವರ್ಕ್ ಎಲ್ಲಕ್ಕೂ ಹೊರೆ ಕೊಟ್ಟು ಇಡೀ ರಾತ್ರಿ ಓಡಿಸಿ, ಸರಾಸರಿ ಬಿಟ್ಟು ಗರಿಷ್ಠ ಸಂಖ್ಯೆ ಮಾತ್ರ ನೋಡಿ. ಬಯಾಸ್‌ನಲ್ಲಿ ಪವರ್ ಉಳಿಸುವ ಸಿ-ಸ್ಟೇಟ್‌ಗಳನ್ನು ಆಫ್ ಮಾಡಿ, ಒಂದು ಕೋರನ್ನು ಈ ಕೆಲಸಕ್ಕೇ ಮೀಸಲಿಡಿ. ಗರಿಷ್ಠ 60 ಮೈಕ್ರೋಸೆಕೆಂಡ್ ಬಂದರೆ, ಒಂದು ಮಿಲಿಸೆಕೆಂಡಿನ ಚಕ್ರದಲ್ಲಿ ಫ್ರೇಮ್ ಸಿಂಕ್ ಕ್ಷಣಕ್ಕಿಂತ ಕನಿಷ್ಠ 200 ಮೈಕ್ರೋಸೆಕೆಂಡ್ ಮೊದಲೇ ತಲುಪುವ ಹಾಗೆ ಶಿಫ್ಟ್ ಇಡಿ. ಡ್ರೈವಿನ ಇಂಟರ್ಪೊಲೇಶನ್ ಅವಧಿ (ಒಂದು ಗುರಿಯಿಂದ ಮುಂದಿನದಕ್ಕೆ ಅದು ಎಣಿಸುವ ಸಮಯ) ಮತ್ತು ಮಾಸ್ಟರಿನ ಚಕ್ರ ಒಂದೇ ಇದೆಯೇ ಎಂದು ಕಣ್ಣಾರೆ ನೋಡಿ. ಒಂದರಲ್ಲಿ 2 ಮಿಲಿಸೆಕೆಂಡ್, ಇನ್ನೊಂದರಲ್ಲಿ 1 ಇದ್ದರೆ ಮೋಟಾರು ಗುರುಗುಟ್ಟುತ್ತದೆ, ಅದನ್ನೂ ಗೇನಿನ ತಲೆಗೆ ಕಟ್ಟುತ್ತಾರೆ.

ಕ್ಯಾನ್ ಬಸ್ (ವಾಹನಗಳಲ್ಲಿ ಬಳಸುವ ನಿಧಾನದ ನೆಟ್‌ವರ್ಕ್) ಇಟ್ಟುಕೊಂಡು ಮಾಡಬಹುದೇ? ಮಾಡಬಹುದು, ಲೆಕ್ಕ ಹಾಕಿ. ಎಂಟು ಬೈಟಿನ ಸಾಧಾರಣ ಫ್ರೇಮಿಗೆ (ಒಂದು ಸಲ ಕಳಿಸುವ ಸಂದೇಶಕ್ಕೆ) ಸ್ಟಫಿಂಗ್ ಎಂಬ ಹೆಚ್ಚುವರಿ ಬಿಟ್‌ಗಳೂ ಸೇರಿ ಹೆಚ್ಚೆಂದರೆ 135 ಬಿಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 135 ಮೈಕ್ರೋಸೆಕೆಂಡ್. ಒಂದು ಆಕ್ಸಿಸ್‌ಗೆ ಗುರಿ ಒಂದು, ಉತ್ತರ ಒಂದು. ಮೂರು ಆಕ್ಸಿಸ್‌ಗೆ 0.81 ಮಿಲಿಸೆಕೆಂಡ್, ನಾಲ್ಕಕ್ಕೆ 1.08. ನಾಲ್ಕು ಯಂತ್ರಕ್ಕೆ ಒಂದು ಮಿಲಿಸೆಕೆಂಡಿನ ಚಕ್ರ ಆಗದ ಮಾತು. 2 ಕೂಡ ಇಕ್ಕಟ್ಟು, 4 ಇಡಿ. ಬಸ್ ಉದ್ದ 40 ಮೀಟರ್ ಮೀರಬಾರದು, ಎರಡು ತುದಿಗೆ 120 ಓಮ್ ರೆಸಿಸ್ಟರ್, ನಡುವೆ ಎಲ್ಲೂ ಬೇಡ. ಸಾಧಾರಣ ಆಫೀಸ್ ಸ್ವಿಚ್‌ನಲ್ಲಿ ಯುಡಿಪಿ ಕಳಿಸುವುದು, ವೈಫೈಯಲ್ಲಿ ಕಳಿಸುವುದು ಲೂಪ್ ಮುಚ್ಚುವ ಕೆಲಸಕ್ಕೆ ಬೇಡವೇ ಬೇಡ. ನೋಡುವುದಕ್ಕೆ, ದಾಖಲಿಸುವುದಕ್ಕೆ ಅಡ್ಡಿಯಿಲ್ಲ.

ಗಡಿಯಾರ ಸರಿಹೋದ ಮೇಲೆ ಉಳಿಯುವುದು ವಿಳಂಬ. ಇದು ಹೋಗುವುದಿಲ್ಲ, ಆದರೆ ಎಷ್ಟೆಂದು ಗೊತ್ತಿರುತ್ತದೆ. ಎನ್‌ಕೋಡರ್ ಓದಿದ ಕ್ಷಣದಿಂದ, ಮಾಸ್ಟರ್ ಲೆಕ್ಕ ಮಾಡಿ, ಡ್ರೈವ್ ಅದನ್ನು ಜಾರಿಗೆ ತರುವ ತನಕ ಸಾಮಾನ್ಯವಾಗಿ ಎರಡು ಮೂರು ಚಕ್ರ ಹಿಡಿಯುತ್ತದೆ. ವಿಳಂಬದಿಂದ ಕಳೆಯುವ ಫೇಸ್ (ಲೂಪ್ ತೂಗಾಡದೆ ಇರಲು ಇರುವ ಅಂಚು, ಡಿಗ್ರಿಯಲ್ಲಿ) ಲೆಕ್ಕ ಹಾಕಲು 360 × ಬ್ಯಾಂಡ್‌ವಿಡ್ತ್ (ಲೂಪ್ ಎಷ್ಟು ಚುರುಕಾಗಿ ತಿದ್ದುತ್ತದೆ ಎಂಬ ಅಳತೆ) × ವಿಳಂಬ. 3 ಮಿಲಿಸೆಕೆಂಡ್ ವಿಳಂಬಕ್ಕೆ 20 ಡಿಗ್ರಿ ಮಾತ್ರ ಬಿಟ್ಟುಕೊಡಲು ಸಿದ್ಧರಿದ್ದರೆ ಹೊಂದಾಣಿಕೆಯ ಲೂಪಿಗೆ ಸಿಗುವುದು 18 ಹರ್ಟ್ಸ್ ಚಿಲ್ಲರೆ. ಚಕ್ರವನ್ನು 250 ಮೈಕ್ರೋಸೆಕೆಂಡಿಗೆ ಇಳಿಸಿದರೆ (ಮೂರು ಚಕ್ರಕ್ಕೆ 0.75 ಮಿಲಿಸೆಕೆಂಡ್) 74 ಹರ್ಟ್ಸ್. ಹಾಗಾಗಿ ಗಡಸು ಗ್ಯಾಂಟ್ರಿಗೆ ಡ್ರೈವ್‌ಗಳೇ ನೇರ ಮಾತಾಡಿಕೊಳ್ಳುವ ಸೌಲಭ್ಯ ಇದ್ದರೆ ವ್ಯತ್ಯಾಸದ ಲೂಪನ್ನು ಅಲ್ಲೇ ಮುಚ್ಚಿ, ಮಾಸ್ಟರಿಗೆ ತರಬೇಡಿ.

ಯಾರು ಯಾರನ್ನು ನೋಡಿಕೊಂಡು ಓಡಬೇಕು? ಮಾಸ್ಟರ್-ಸ್ಲೇವ್ ಎಲ್ಲರಿಗೂ ಮೊದಲು ಹೊಳೆಯುವುದು: ಒಂದನೆಯದರ ನಿಜಸ್ಥಾನವೇ ಎರಡನೆಯದರ ಗುರಿ. ವಿಳಂಬ 3 ಮಿಲಿಸೆಕೆಂಡ್ ಇದ್ದು ವೇಗ ಸೆಕೆಂಡಿಗೆ ಒಂದು ಮೀಟರ್ ಆದರೆ ಎರಡನೆಯದು ಸದಾ 3 ಮಿಲಿಮೀಟರ್ ಹಿಂದೆ. ಎರಡನೆಯದಕ್ಕೆ ಅಡ್ಡಿ ಬಂದರೆ ಒಂದನೆಯದಕ್ಕೆ ಗೊತ್ತೇ ಆಗುವುದಿಲ್ಲ. ಎರಡಕ್ಕೂ ಒಂದೇ ಗುರಿಯನ್ನು ಒಂದೇ ಸಿಂಕ್ ಕ್ಷಣಕ್ಕೆ ಕೊಟ್ಟು, ನಡುವಿನ ವ್ಯತ್ಯಾಸವನ್ನು ಎರಡರ ಕಡೆಗೂ ತಿದ್ದುಪಡಿಯಾಗಿ ಕೊಡುವುದು ಕ್ರಾಸ್ ಕಪ್ಲಿಂಗ್. ಸಂಶೋಧಕ ಯೋರಾಮ್ ಕೊರೆನ್ 1980ರಲ್ಲಿ ಎರಡು ಆಕ್ಸಿಸ್‌ನ ಯಂತ್ರಗಳಿಗಾಗಿ ಹೇಳಿದ್ದು ಇಂದಿಗೂ ಬುನಾದಿ. ಚಿಹ್ನೆ ಮಾತ್ರ ಎಚ್ಚರ: ಮುಂದಿರುವುದನ್ನು ಹಿಂದಕ್ಕೆ, ಹಿಂದಿರುವುದನ್ನು ಮುಂದಕ್ಕೆ. ಕರೆಂಟ್ ಮಿತಿ 10 ಶೇಕಡಾಕ್ಕೆ ಇಳಿಸಿ, ಒಂದು ತುದಿಯನ್ನು ಕೈಯಲ್ಲಿ ಮೆಲ್ಲಗೆ ತಳ್ಳಿ ನೋಡಿ. ಇನ್ನೊಂದು ತುದಿ ಜೊತೆಗೆ ಬಂದರೆ ಚಿಹ್ನೆ ಸರಿ, ದೂರ ಓಡಿದರೆ ತಿರುಗುಮುರುಗು.

ಮೂರಕ್ಕಿಂತ ಹೆಚ್ಚು ಯಂತ್ರ ಬಂದಾಗ ಪ್ರತಿಯೊಂದೂ ತನ್ನ ನೆರೆಯವರನ್ನು ಮಾತ್ರ ನೋಡಿ ತಿದ್ದಿಕೊಳ್ಳುವ ಒಮ್ಮತದ ಪದ್ಧತಿ ಬರುತ್ತದೆ. ಇಲ್ಲಿ ಮತ್ತೆ ಗಡಿಯಾರವೇ. ನನ್ನ ಈಗಿನ ಸ್ಥಾನವನ್ನು ನೆರೆಯವನ ಹಳೆಯ ಸ್ಥಾನದ ಜೊತೆ ಹೋಲಿಸಿದರೆ ವೇಗ × ವಿಳಂಬದಷ್ಟು ಇಲ್ಲದ ತಪ್ಪು ಕಾಣುತ್ತದೆ, ಎಲ್ಲರೂ ಅದನ್ನು ತಿದ್ದಲು ಹೊರಟು ಇಡೀ ಗುಂಪು ನಿಧಾನವಾಗುತ್ತದೆ. ಪ್ರತಿ ಓದಿಕೆಗೂ ಸಮಯದ ಮುದ್ರೆ ಒತ್ತಿ, ನೆರೆಯವನ ಮಾಹಿತಿ ಯಾವ ಕ್ಷಣದ್ದೋ ನನ್ನದನ್ನೂ ಅದೇ ಕ್ಷಣದಿಂದ ತೆಗೆದು ಹೋಲಿಸಬೇಕು. ಹೀಗೆ ಎರಡೂ ಕಡೆಯದು ಒಂದೇ ಕ್ಷಣದ್ದಾದಾಗ ಸರಳ ಮಾದರಿಯಲ್ಲಿ ತಾಳಬಹುದಾದ ವಿಳಂಬದ ಮಿತಿ ಹೀಗೆ: ಪೈ ಅನ್ನು, 2 × ಗೇನ್ × ಸಂಪರ್ಕದ ಲಾಪ್ಲಾಸಿಯನ್ನಿನ (ಯಾರು ಯಾರನ್ನು ನೋಡುತ್ತಾರೆ ಎಂಬುದನ್ನು ಬರೆದ ಮ್ಯಾಟ್ರಿಕ್ಸ್) ದೊಡ್ಡ ಐಗನ್ ಮೌಲ್ಯದಿಂದ (ಆ ಮ್ಯಾಟ್ರಿಕ್ಸಿನಿಂದ ಲೆಕ್ಕ ಹಾಕುವ ವಿಶಿಷ್ಟ ಸಂಖ್ಯೆ) ಭಾಗಿಸಿ. ನಾಲ್ಕು ಯಂತ್ರ ಸಾಲಾಗಿ ಇದ್ದರೆ ಆ ದೊಡ್ಡ ಮೌಲ್ಯ 3.41, ಹೊಂದಿಕೆಯ ವೇಗ ಹೇಳುವ ಸಣ್ಣದು 0.586. ಮೊದಲನೆಯದೂ ಕೊನೆಯದೂ ಪರಸ್ಪರ ನೋಡುವ ಹಾಗೆ ಉಂಗುರ ಮಾಡಿದರೆ 4 ಮತ್ತು 2. ಗೇನ್ ಸೆಕೆಂಡಿಗೆ 100 ಆದರೆ ವಿಳಂಬದ ಮಿತಿ 4.6ರಿಂದ 3.9 ಮಿಲಿಸೆಕೆಂಡಿಗೆ ಇಳಿಯುತ್ತದೆ, ಹೊಂದಿಕೆ ಮಾತ್ರ 3.4 ಪಟ್ಟು ಚುರುಕಾಗುತ್ತದೆ. ಇದಕ್ಕಿಂತ ಅಗ್ಗದ ಲಾಭ ಈ ಕೆಲಸದಲ್ಲಿ ಬೇರೆ ಇಲ್ಲ, ಏಕೆಂದರೆ ಹೊಸ ಕೇಬಲ್ ಕೂಡ ಬೇಡ: ಎಳೆದ ಕೇಬಲಿನ ಸಾಲು ಬೇರೆ, ಮಾಹಿತಿಯ ಸಾಲು ಬೇರೆ. ಎರಡನೆಯದು ಬರೇ ಪ್ರೋಗ್ರಾಮಿನ ಒಂದು ಸಾಲು. ನಿಜವಾದ ಯಂತ್ರಕ್ಕೆ ತೂಕವಿದೆ, ಆದ್ದರಿಂದ ಈ ಮಿತಿಯ ಮೂರರಲ್ಲೊಂದರ ಒಳಗೇ ಇರಿ.

ಫ್ರೇಮ್ ಕಳೆದುಹೋಗುವುದು, ಡ್ರೈವ್ ಬೀಳುವುದು ಇವಕ್ಕೆ ಮೊದಲೇ ಸಿದ್ಧತೆ ಬೇಕು. ಒಂದು ಗುರಿ ತಪ್ಪಿದಾಗ ಹಳೆಯ ಗುರಿಯಲ್ಲೇ ನಿಂತರೆ ಸೆಕೆಂಡಿಗೆ ಒಂದು ಮೀಟರ್ ಓಟದಲ್ಲಿ ಒಂದು ಮಿಲಿಮೀಟರ್ ತಪ್ಪು. ಹಿಂದಿನ ವೇಗದಲ್ಲೇ ಮುಂದುವರಿದರೆ, ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 10 ಮೀಟರ್ ಇದ್ದರೂ ತಪ್ಪು 5 ಮೈಕ್ರಾನ್ ಮಾತ್ರ. ಒಂದೆರಡು ಚಕ್ರ ಹಾಗೆ ದಾಟಿಸಿ, ಮೂರನೆಯದೂ ಬಾರದಿದ್ದರೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಗ್ಯಾಂಟ್ರಿಯಲ್ಲಿ ಒಂದು ಡ್ರೈವ್ ಟ್ರಿಪ್ ಆಗಿ ಅದರ ಡೈನಾಮಿಕ್ ಬ್ರೇಕ್ ಇದೇ 10ರ ದರದಲ್ಲಿ ಹಿಡಿಯಿತು ಎನ್ನಿ. ಇನ್ನೊಂದಕ್ಕೆ ಸುದ್ದಿ 10 ಮಿಲಿಸೆಕೆಂಡಿಗೆ ತಲುಪಿದರೆ ಅಷ್ಟರಲ್ಲಿ ಅಂತರ ಅರ್ಧ ಮಿಲಿಮೀಟರ್. 50 ಮಿಲಿಸೆಕೆಂಡ್ ಆದರೆ 12.5 ಮಿಲಿಮೀಟರ್ ಕೇಳುತ್ತದೆ, ತೊಲೆ ಅಷ್ಟು ಬಾಗುವುದಿಲ್ಲ, ಬೇರಿಂಗ್ ಒಡೆಯುತ್ತದೆ. ಫಾಲ್ಟ್ ಸುದ್ದಿಯನ್ನು ಮಾಸ್ಟರ್ ಮೂಲಕ ಮಾತ್ರ ಕಳಿಸದೆ ಡ್ರೈವ್‌ನಿಂದ ಡ್ರೈವ್‌ಗೆ ಒಂದು ನೇರ ತಂತಿಯನ್ನೂ ಎಳೆಯುವುದು ಇದಕ್ಕೆ. ಫಾಲೋಯಿಂಗ್ ಎರರ್ (ಗುರಿಗೂ ನಿಜಸ್ಥಾನಕ್ಕೂ ಇರುವ ಅಂತರ) ಮಿತಿ ಹಾಕುವ, ಡ್ರೈವಿನ ಸೆಟ್ಟಿಂಗ್ ಪಟ್ಟಿಯ 6065ನೇ ಆಬ್ಜೆಕ್ಟ್‌ನಲ್ಲಿ ಕಾರ್ಖಾನೆಯಿಂದ ಬಂದ ದೊಡ್ಡ ಸಂಖ್ಯೆಯನ್ನು ಹಾಗೆಯೇ ಬಿಡಬೇಡಿ.

ಕರೆಂಟ್ ಹೋಗಿ ಬಂದ ಮೇಲಿನ ಮೊದಲ ನಿಮಿಷವೂ ಅಪಾಯದ್ದೇ. ಅಯಸ್ಕಾಂತದ ಮೋಟಾರು, ಇನ್‌ಕ್ರಿಮೆಂಟಲ್ ಎನ್‌ಕೋಡರ್ (ಕರೆಂಟ್ ಹೋದರೆ ಸ್ಥಾನ ಮರೆಯುವ ಬಗೆ) ಆದರೆ ಡ್ರೈವ್ ಮೊದಲು ಫೇಸ್ ಹುಡುಕಲು ಮೋಟಾರನ್ನು ಸ್ವಲ್ಪ ಅಲುಗಿಸುತ್ತದೆ. ಗ್ಯಾಂಟ್ರಿಯಲ್ಲಿ ಎರಡೂ ಒಟ್ಟಿಗೆ ಹುಡುಕಲು ಹೊರಟರೆ ಒಂದರ ಅಲುಗಾಟ ಇನ್ನೊಂದರ ಲೆಕ್ಕ ಕೆಡಿಸುತ್ತದೆ. ಒಂದು ಹುಡುಕುವಾಗ ಇನ್ನೊಂದು ಪೂರ್ತಿ ಸಡಿಲ ಇರಲಿ, ಆಮೇಲೆ ಸರದಿ. ಪದೇ ಪದೇ ಕರೆಂಟ್ ಹೋಗುವ ಜಾಗದಲ್ಲಿ ಗ್ಯಾಂಟ್ರಿಯ ಅಬ್ಸಲ್ಯೂಟ್ (ಸ್ಥಾನ ಮರೆಯದ) ಎನ್‌ಕೋಡರಿಗೆ ಕೊಟ್ಟ ಹಣ ದಂಡವಲ್ಲ.

ನಮ್ಮ ಕರಾವಳಿಗೆ ವಿಶೇಷವಾಗಿ ಹೇಳಬೇಕಾದ ಮಾತು ಮೂರು. ಮಳೆಗಾಲದಲ್ಲಿ ಏಸಿ ಪ್ಯಾನೆಲಿನ ಬಾಗಿಲು ತೆರೆದರೆ ತಣ್ಣಗಿರುವ ಡ್ರೈವ್ ಮೇಲೆ ಕೂಡಲೇ ನೀರು ಕೂರುತ್ತದೆ. ಏಸಿ ನಿಲ್ಲಿಸಿ ಅರ್ಧ ಗಂಟೆ ಕಾದು ತೆರೆಯಿರಿ, ಯಂತ್ರ ಮಲಗಿರುವ ರಾತ್ರಿಗಳಲ್ಲಿ ಸಣ್ಣ ಹೀಟರ್ ಉರಿಯಲಿ. ತೆರೆದ ಆಪ್ಟಿಕಲ್ ಪಟ್ಟಿಯ ಮೇಲೆ ಮಂಜು ಕೂತರೆ ಎನ್‌ಕೋಡರ್ ಎಣಿಕೆ ತಪ್ಪುತ್ತದೆ, ನಿಖರತೆ ಹತ್ತಿಪ್ಪತ್ತು ಮೈಕ್ರಾನ್ ಸಾಕೆನ್ನುವ ಕಡೆ ಮ್ಯಾಗ್ನೆಟಿಕ್ ಪಟ್ಟಿಯೇ ವಾಸಿ. ಎರಡನೆಯದು ಅರ್ಥಿಂಗ್. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದಾಗ ಎನ್‌ಕೋಡರಿನಲ್ಲಿ ಗದ್ದಲ ಕಂಡರೆ ಅರ್ಥ್ ಗುಂಡಿಗೆ ನೀರು ಹೊಯ್ಯುವ ರೂಢಿ ಇದೆ. ಸುರಕ್ಷತೆಗೆ ಅದು ಬೇಕು, ಗದ್ದಲಕ್ಕೆ ಮದ್ದಲ್ಲ. ಗದ್ದಲ ಹೋಗುವುದು ಮೋಟಾರು ಕೇಬಲಿನ ಜಾಲರಿಯನ್ನು ಎರಡೂ ತುದಿಯಲ್ಲಿ ಸುತ್ತಲೂ ಹಿಡಿಯುವ ಕ್ಲಾಂಪಿನಿಂದ, ಪೇಂಟ್ ಕೆರೆದ ಲೋಹದ ಮೇಲೆ ಕೂರಿಸಿದಾಗ. ಜಾಲರಿಯನ್ನು ಬಾಲದ ಹಾಗೆ ತಿರುಚಿ ಒಂದು ಸ್ಕ್ರೂಗೆ ಕಟ್ಟಿದರೆ ಹೆಚ್ಚಿನ ಫ್ರೀಕ್ವೆನ್ಸಿಗೆ ಅದು ಇದ್ದೂ ಇಲ್ಲದ ಹಾಗೆ.

ಮೂರನೆಯದು ಬಿಸಿ. ಒಂದು ಮೀಟರ್ ಉಕ್ಕಿನ ಪಟ್ಟಿ 5 ಡಿಗ್ರಿಗೆ 58 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ 115. ಕಿಟಕಿಯ ಕಡೆಯ ಹಳಿಗೆ ಮಧ್ಯಾಹ್ನದ ಬಿಸಿಲು ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ ಎರಡು ಎನ್‌ಕೋಡರ್‌ಗಳ ಮೀಟರ್ ಬೇರೆ ಬೇರೆಯಾಗುತ್ತದೆ, ಮೋಟಾರುಗಳು ಮತ್ತೆ ತೊಲೆ ಹಿಂಡಲು ತೊಡಗುತ್ತವೆ. ಇದನ್ನು ಹಿಡಿಯಲು ಬೇರೆ ಉಪಕರಣ ಬೇಡ. ಹಳಿಯ ಆರಂಭ, ನಡು, ಕೊನೆ ಈ ಮೂರು ಜಾಗಗಳಲ್ಲಿ ಯಂತ್ರ ನಿಲ್ಲಿಸಿ, ಎರಡು ಡ್ರೈವ್‌ಗಳ ನಿಂತ ಕರೆಂಟನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಬರೆದುಕೊಳ್ಳಿ. ಏಪ್ರಿಲ್‌ನಲ್ಲಿ ಒಂದು ದಿನ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ದಿನ. ಆರಂಭದಲ್ಲಿ ಸೊನ್ನೆಯಿದ್ದು ಕೊನೆಯಲ್ಲಿ ಏರಿದರೆ ಪಟ್ಟಿ ಹಿಗ್ಗಿದೆ, ಓರೆ ತಿದ್ದುವ ಕೋಷ್ಟಕಕ್ಕೆ ಆ ಅಂತರ ಸೇರಿಸಿ. ಮೂರೂ ಕಡೆ ಒಂದೇ ಅಂಕಿ ಬಂದರೆ ಹೋಮಿಂಗ್ (ಸೊನ್ನೆ ಸ್ಥಾನ ಗುರುತಿಸುವುದು) ಮಾಡುವಾಗಲೇ ತೊಲೆ ಓರೆ ಕೂತಿದೆ, ಅದನ್ನು ಮೊದಲಿನಿಂದ ಮಾಡಿ.